ಚುಕ್ಕಿ ಹಾಕಿದ ಪಾತ್ರೆ

ನನ್ನ ಮೊದಲನೇ ಮುಟ್ಟಿನ ಕಪ್ ಸುಟ್ಟುಹೋಗಿದ್ದು ಒಂದು ಭಾನುವಾರ ಮಧ್ಯಾಹ್ನ. ಅತ್ತೆ ಬೀದಿ ಕೊನೆಯ ಮನೆಗೆ ಕುಬುಸದ ಊಟಕ್ಕೆ ಹೋಗಿದ್ದರು. ನಮ್ಮ ಮನೆಯವರು ಮಗಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದರು. ಮನೆ ಖಾಲಿ ಇದ್ದಾಗಲೇ ಕಪ್ ಕುದಿಸುವುದು ನನ್ನ ರೂಢಿ. ಸಣ್ಣ ಟೀ ಪಾತ್ರೆಗೆ ನೀರು ಹಾಕಿ, ಕಪ್ ಬಿಟ್ಟು, ಗ್ಯಾಸ್ ಹಚ್ಚಿ, ಐದೇ ನಿಮಿಷ ತಾನೆ ಅಂದುಕೊಂಡು ಹಾಲ್‌ಗೆ ಬಂದು ಕೂತೆ. ಒಂಬತ್ತನೇ ಕ್ಲಾಸಿನ ಪೇಪರ್ ತಿದ್ದುವುದು ಬಾಕಿ ಇತ್ತು. ಒಂದು ಪೇಪರಿನಲ್ಲಿ ಒಬ್ಬ ಹುಡುಗ ಮದಕರಿನಾಯಕನನ್ನು ದಾವಣಗೆರೆಗೆ ಎಳೆದು ತಂದಿದ್ದ. ನಗುತ್ತಾ ಮುಂದಿನದು ತಿರುವಿದೆ, ಅದರ ಮುಂದಿನದು ತಿರುವಿದೆ.

ವಾಸನೆ ಬಂದಾಗ ಪಕ್ಕದ ಸೈಟಿನಲ್ಲಿ ಯಾರೋ ವೈರ್ ಸುಡುತ್ತಿದ್ದಾರೆ ಅಂದುಕೊಂಡೆ. ಅಡುಗೆಮನೆಗೆ ಓಡುವಷ್ಟರಲ್ಲಿ ನೀರೆಲ್ಲ ಇಂಗಿ, ಪಾತ್ರೆ ತಳಕ್ಕೆ ಕಪ್ ಕಚ್ಚಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. ಸವಟಿನಿಂದ ಕೆರೆದರೆ ಪುಡಿಪುಡಿಯಾಗಿ ಬಂತು. ಅದೇ ಹೊತ್ತಿಗೆ ಗೇಟು ಸದ್ದಾಯಿತು. ಅತ್ತೆ ಉಡಿಯಲ್ಲಿ ಅಕ್ಕಿ, ಬಾಳೆಹಣ್ಣು ಹಿಡಿದುಕೊಂಡೇ ನೇರ ಒಳಗೆ ಬಂದರು.

"ಏನೇ ಅದು ಸುಟ್ಟಿದ್ದು?"

"ಹಾಲು ಅತ್ತೆ."

"ಹಾಲು ಸುಟ್ಟ ವಾಸ್ನೆ ನನಗೆ ಗೊತ್ತಿಲ್ವೇನೇ?"

ಎರಡು ವರ್ಷ ಬಚ್ಚಿಟ್ಟಿದ್ದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಉಡಿ ಅಕ್ಕಿಯನ್ನು ಮೊರಕ್ಕೆ ಸುರಿದರು. ಆಮೇಲೆ ಒಂದೊಂದಾಗಿ ಕೇಳಿದರು.

"ಒಳಗೆ ಇಟ್ಕೊಳ್ಳೋದಾ?"

"ಹೂಂ."

"ಆಮೇಲೆ ತೆಗ್ದು ಇದ್ರಲ್ಲಿ ಕುದ್ಸೋದಾ?"

"ಹೂಂ."

"ನಾವು ಟೀ ಕುಡಿಯೋ ಪಾತ್ರೇಲಿ?"

ಇದಕ್ಕೆ ನಾನು ಏನೂ ಹೇಳಲಿಲ್ಲ.

ಇಲ್ಲಿ ನಮ್ಮ ಮನೆ ಬಗ್ಗೆ ಒಂದು ಮಾತು ಹೇಳಬೇಕು. ಅತ್ತೆ ದಿನಾ ಬೆಳಿಗ್ಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವವರು. ನಾನು ಮದುವೆಯಾಗಿ ಬಂದ ಮೊದಲ ತಿಂಗಳು ಮುಟ್ಟಾದಾಗ ಏನು ಮಾಡಬೇಕೋ ತಿಳಿಯದೆ ಬಾಗಿಲ ಹತ್ತಿರ ನಿಂತಿದ್ದೆ. ಅವರೇ ಬಂದು, "ಲಿಂಗ ಕಟ್ಕೊಂಡೋರಿಗೆ ಸೂತಕ ಇಲ್ಲ, ಒಳಗೆ ಬಾ" ಅಂದಿದ್ದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಅನ್ನುವ ಐದು ಸೂತಕಗಳನ್ನು ಹನ್ನೆರಡನೇ ಶತಮಾನದ ಶರಣರು ತಳ್ಳಿಹಾಕಿದ್ದನ್ನು ನಾನು ಪಾಠದಲ್ಲಿ ಓದಿದ್ದೆ. ಅದನ್ನು ಒಂದು ಮನೆಯ ಹೊಸ್ತಿಲಲ್ಲಿ ನೋಡಿದ್ದು ಅವತ್ತೇ. ಹಾಗಾಗಿ ಆ ಭಾನುವಾರ ಸ್ವಲ್ಪ ಧೈರ್ಯ ಮಾಡಿ ನೆನಪಿಸಿದೆ. "ನೀವೇ ಹೇಳಿದ್ರಲ್ಲ ಅತ್ತೆ, ಸೂತಕ ಇಲ್ಲ ಅಂತ."

"ಲಿಂಗಕ್ಕಿಲ್ಲ ಕಣೇ," ಅಂದರು ಅತ್ತೆ. "ಪಾತ್ರೆಗೈತೆ."

ನನಗೆ ನಗು ಬಂತು, ಸಿಟ್ಟೂ ಬಂತು. ಆಮೇಲೆ ಯೋಚನೆ ಮಾಡುತ್ತಾ ಹೋದರೆ ಈ ಕಪ್ಪಿನ ಕತೆ ಪೂರ್ತಿ ಆ ಪಾತ್ರೆಯದೇ ಕತೆ ಅನ್ನಿಸತೊಡಗಿತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು. ಆದರೆ ಅದು ಒಂದೇ ಬರುವುದಿಲ್ಲ. ಅದರ ಹಿಂದೆ ಒಂದು ಪಾತ್ರೆ, ಒಂದು ಒಲೆ, ಎರಡು ಚೊಂಬು ಒಳ್ಳೆ ನೀರು, ಚಿಲಕ ಇರುವ ಒಂದು ಬಚ್ಚಲುಮನೆ ಎಲ್ಲವೂ ಬರಬೇಕು.

ನಮ್ಮ ಕಡೆ ಮುಟ್ಟನ್ನು ಮುಟ್ಟು ಅನ್ನುವವರೇ ಕಡಿಮೆ. ಕಾಗೆ ಮುಟ್ಟಿದೆ, ಹೊರಗಾಗಿದಾಳೆ, ಈಗಿನ ಹುಡುಗಿಯರ ಬಾಯಲ್ಲಿ ಡೇಟ್ ಆಗಿದೆ. ನನ್ನ ಅಜ್ಜಿಯ ಊರು ಚಳ್ಳಕೆರೆ ತಾಲ್ಲೂಕಿನಲ್ಲಿತ್ತು. ಅಲ್ಲಿ ಹಳೇ ಸೀರೆ ಹರಿದು ಮಡಚಿ ಇಟ್ಟ ಬಟ್ಟೆಗಳ ಗಂಟೊಂದು ಕೊಟ್ಟಿಗೆಯ ಗೂಡಿನಲ್ಲಿ ಇರುತ್ತಿತ್ತು. ಕತ್ತಲಿರುವಾಗಲೇ ಎದ್ದು ತೊಳೆಯುತ್ತಿದ್ದರು. ಒಣಗಿಸುವುದು ಲಂಗದ ಅಡಿಯಲ್ಲಿ, ಅದೂ ದನ ಕಟ್ಟುವ ಮೂಲೆಯಲ್ಲಿ. ಹತ್ತಿ ಬಟ್ಟೆಗೆ ಬರ ಇರಲಿಲ್ಲ. ಪಕ್ಕದ ದಾವಣಗೆರೆಯ ಮಿಲ್ಲುಗಳು ಇನ್ನೂ ಓಡುತ್ತಿದ್ದ ಕಾಲ, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಜನ ಹೆಮ್ಮೆಯಿಂದ ಹೇಳುತ್ತಿದ್ದರು. ಬಿಸಿಲಿಗೂ ಬರ ಇರಲಿಲ್ಲ. ವರ್ಷವಿಡೀ ಬಿಸಿಲು ಸುರಿಯುವ ಆ ಸೀಮೆಯಲ್ಲಿ ಆ ಬಟ್ಟೆಗೊಂದಕ್ಕೆ ಮಾತ್ರ ಬಿಸಿಲು ಸಿಗುತ್ತಿರಲಿಲ್ಲ. ಅರೆ ಒಣಗಿದ್ದನ್ನೇ ಮತ್ತೆ ಕಟ್ಟಿಕೊಂಡು ತೊಡೆ ಸಂದಿಯೆಲ್ಲ ಗಾಯ ಮಾಡಿಕೊಂಡು ಚಿಕ್ಕಮ್ಮ ಕಾಲು ಅಗಲಿಸಿ ನಡೆಯುತ್ತಿದ್ದುದು ನನಗೆ ನೆನಪಿದೆ. ಯಾಕೆ ಅಂತ ಕೇಳಿದ್ದಕ್ಕೆ ಅಜ್ಜಿ ನನ್ನ ತಲೆಗೆ ಮೊಟಕಿದ್ದರು.

ನಮ್ಮ ಕಾಲಕ್ಕೆ ಪ್ಯಾಡ್ ಬಂತು. ಮೆಡಿಕಲ್ ಶಾಪಿನವನು ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಬಾಂಬು ಕೊಡುವವನ ಹಾಗೆ ಕೊಡುತ್ತಿದ್ದ. ಪ್ಯಾಡಿಗೆ ನಾನೇನೂ ದೂರು ಹೇಳುವುದಿಲ್ಲ. ಹಾಸ್ಟೆಲಿನಲ್ಲಿ, ಬಿ.ಎಡ್. ಪರೀಕ್ಷೆಯಲ್ಲಿ, ಹೆರಿಗೆಯ ಮೇಲೆ ಅದೇ ನನ್ನನ್ನು ಕಾಪಾಡಿದ್ದು. ಪರಿಸರ ಉಳಿಸಬೇಕು ಅಂತಲೂ ನಾನು ಕಪ್ಪಿಗೆ ಬದಲಾಗಲಿಲ್ಲ. ಕಾರಣ ಒಂದು ಬಸ್ಸು.

ನನ್ನ ಶಾಲೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ದಾವಣಗೆರೆಯಲ್ಲಿ ಬೆಳಿಗ್ಗೆ ಏಳೂಕಾಲಿಗೆ ಬಸ್ಸು ಹತ್ತಿದರೆ ವಾಪಸ್ ಮನೆ ಮುಟ್ಟುವಾಗ ಸಂಜೆ ಆರು. ಶಾಲೆಯ ಶೌಚಾಲಯಕ್ಕೆ ಬಾಗಿಲು ಇತ್ತು, ಚಿಲಕ ಇರಲಿಲ್ಲ. ನಲ್ಲಿ ಇತ್ತು, ನೀರು ಇರಲಿಲ್ಲ. ಕಸದ ಬುಟ್ಟಿ ಅಂತೂ ಕೇಳಲೇಬೇಡಿ. ಒಬ್ಬ ಟೀಚರ್ ಹೊರಗೆ ಕಾವಲು ನಿಂತು ಇನ್ನೊಬ್ಬರು ಒಳಗೆ ಹೋಗಬೇಕು. ಬದಲಾಯಿಸಿದ ಪ್ಯಾಡನ್ನು ಹಾಕಲು ಜಾಗ ಇಲ್ಲದೆ ಪೇಪರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡು ದಾವಣಗೆರೆಗೆ ತರುತ್ತಿದ್ದೆ. ಅದೇ ಬ್ಯಾಗಿನಲ್ಲಿ ಊಟದ ಡಬ್ಬಿ. ಒಂದು ದಿನ ಬಿಳಿಚೋಡು ದಾಟಿದ ಮೇಲೆ ಬಸ್ಸಿನಲ್ಲಿ ನಿಂತುಕೊಂಡು, ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದಾಗ ಅದರ ಬಿಸಿ ವಾಸನೆ ನನಗೇ ಬಂತು. ಪಕ್ಕದ ಸೀಟಿನ ಅಜ್ಜಿ ಸೆರಗು ಮೂಗಿಗೆ ಹಿಡಿದರು. ಅದು ನನ್ನಿಂದಲೋ, ಬಸ್ಸಿನಲ್ಲಿದ್ದ ಕುರಿಮರಿಯಿಂದಲೋ, ದೇವರೇ ಬಲ್ಲ. ಆ ರಾತ್ರಿಯೇ ಫೋನಿನಲ್ಲಿ ಕಪ್ ಆರ್ಡರ್ ಮಾಡಿದೆ. ಮುನ್ನೂರು ಚಿಲ್ಲರೆ ರೂಪಾಯಿ.

ಬಂದಿದ್ದು ಒಂದು ಬಟ್ಟೆ ಚೀಲ, ಒಳಗೆ ಗಂಟೆಯ ಆಕಾರದ, ಮೆತ್ತಗಿನ ಸಿಲಿಕೋನ್ ಬಟ್ಟಲು. ಕೆಳಗೆ ಒಂದು ಸಣ್ಣ ಕಡ್ಡಿ. ನೋಡಿದ ಕೂಡಲೇ ಇದು ಸಾಧ್ಯವೇ ಇಲ್ಲ ಅನ್ನಿಸಿತು. ಇದೇನು ನಿನ್ನೆ ಮೊನ್ನೆ ಹುಟ್ಟಿದ ವಸ್ತು ಅಂದುಕೊಂಡಿದ್ದೆ. ಆಮೇಲೆ ಓದಿದರೆ ಲಿಯೋನಾ ಚಾಮರ್ಸ್ ಅನ್ನುವ ಅಮೆರಿಕದ ನಟಿ ರಬ್ಬರಿನ ಕಪ್ಪಿಗೆ ಪೇಟೆಂಟ್ ಪಡೆದಿದ್ದು 1937ರಲ್ಲಿ. ಎರಡನೇ ಮಹಾಯುದ್ಧ ಬಂದು ರಬ್ಬರಿಗೆ ಅಭಾವವಾಗಿ ಅದು ಮೂಲೆಗೆ ಬಿತ್ತು. ಅಂದರೆ ನಮ್ಮಜ್ಜಿ ಮೈನೆರೆಯುವ ಮೊದಲೇ ಜಗತ್ತಿನ ಯಾವುದೋ ಮೂಲೆಯಲ್ಲಿ ಇದು ಇತ್ತು. ಚಳ್ಳಕೆರೆ ತಲುಪಲಿಲ್ಲ, ಅಷ್ಟೇ.

ಮೊದಲ ಮೂರು ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ಬಾಯಂಚನ್ನು ಒತ್ತಿ ಮಡಚಬೇಕು. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮಡಚುವುದು ಒಂದು ಬಗೆ. ಅಂಚಿನ ಒಂದು ಕಡೆಯನ್ನು ಬೆರಳಿನಿಂದ ಒಳಕ್ಕೆ ಒತ್ತಿ, ತುದಿ ಚೂಪಾಗುವಂತೆ ಮಾಡುವುದು ಇನ್ನೊಂದು. ನನಗೆ ಎರಡನೆಯದೇ ಸರಿಹೋಯಿತು. ಒಳಗೆ ಹೋದ ಮೇಲೆ ಅದು ಬಿಚ್ಚಿಕೊಂಡು ಸುತ್ತಲೂ ಅಂಟಬೇಕು. ಬಿಚ್ಚಿಕೊಳ್ಳದೆ ಮಡಿಕೆಯಲ್ಲೇ ಉಳಿದರೆ ಪಕ್ಕದಿಂದ ಸೋರುತ್ತದೆ. ಬೆರಳಿಂದ ಸುತ್ತ ಸವರಿ ನೋಡಿದರೆ ಗೊತ್ತಾಗುತ್ತದೆ. ಮೂವತ್ತಾರನೇ ವಯಸ್ಸಿನಲ್ಲಿ, ಒಂದು ಹೆತ್ತ ಮೇಲೆ, ನನ್ನ ಮೈಯ ಒಳಗಿನ ದಾರಿ ನೇರ ಮೇಲಕ್ಕಲ್ಲ, ಬೆನ್ನಿನ ಕಡೆಗೆ ಓರೆಯಾಗಿ ಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆಗ. ವಿಜ್ಞಾನದ ಪಾಠದಲ್ಲಿ ಆ ಚಿತ್ರ ಬಂದಾಗ ನಮ್ಮ ಮೇಷ್ಟ್ರು, "ಇದನ್ನು ಮನೇಲಿ ಓದ್ಕೊಳ್ಳಿ" ಅಂದಿದ್ದರು. ಮನೆಯಲ್ಲಿ ಯಾರು ಓದುತ್ತಾರೆ?

ತೆಗೆಯುವುದು ಇನ್ನೂ ಕಷ್ಟ. ಮೊದಲ ಸಲ ಕಡ್ಡಿ ಕೈಗೇ ಸಿಗಲಿಲ್ಲ. ಹೊಟ್ಟೆಯೊಳಗೆ ಹೋಗಿಬಿಟ್ಟಿತು ಅಂತ ಬಚ್ಚಲುಮನೆಯಲ್ಲಿ ಬೆವತುಹೋದೆ. ಮುಕ್ಕಾಲು ಗಂಟೆ. ಹೊರಗಿಂದ ನಮ್ಮ ಮನೆಯವರು ಬಾಗಿಲು ಬಡಿದು, "ಏನಾಯ್ತೇ, ಬಿದ್ದೆಯಾ?" ಅಂತ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅದು ಎಲ್ಲಿಗೂ ಹೋಗಲಾರದು. ಮೇಲೆ ಗರ್ಭಕೋಶದ ಬಾಯಿ ಇದೆ, ಅದು ಅಷ್ಟು ದೊಡ್ಡ ವಸ್ತು ನುಗ್ಗುವ ಬಾಗಿಲಲ್ಲ. ಉಸಿರು ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಮಲವಿಸರ್ಜನೆಗೆ ಮುಕ್ಕುವ ಹಾಗೆ ಸ್ವಲ್ಪ ಮುಕ್ಕಿದರೆ ತಾನಾಗಿ ಕೆಳಗೆ ಬರುತ್ತದೆ. ಈ ವಿಷಯದಲ್ಲಿ ನಮ್ಮ ಹಳೇ ನಮೂನೆಯ ಕಕ್ಕಸೇ ವಾಸಿ. ಆದರೆ ಕೈ ಜಾರಿದರೆ ಕತೆ ಮುಗೀತು, ಅದಕ್ಕೇ ಸ್ವಲ್ಪ ಆಚೆ ಕೂತು ತೆಗೆಯುತ್ತೇನೆ. ಬಂದ ಮೇಲೆ ಕಡ್ಡಿ ಹಿಡಿದು ಜಗ್ಗಬಾರದು. ಕಪ್ಪಿನ ಬುಡವನ್ನು ಎರಡು ಬೆರಳಲ್ಲಿ ಹಿಸುಕಬೇಕು. ಗಾಳಿ ಒಳಗೆ ಹೋಗಿ ಹಿಡಿತ ಬಿಡುತ್ತದೆ. ಆಮೇಲೆ ಓರೆ ಮಾಡಿ ನಿಧಾನವಾಗಿ ತೆಗೆಯಬೇಕು. ಈ ಹಿಸುಕುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ನಾಲ್ಕನೇ ತಿಂಗಳಿಂದ ಬಸ್ಸು ಬಸ್ಸಾಯಿತು. ಬೆಳಿಗ್ಗೆ ಆರೂವರೆಗೆ ಹಾಕಿಕೊಂಡರೆ ಸಂಜೆ ಆರೂವರೆಗೆ ತೆಗೆದರೆ ಸಾಕು. ಹನ್ನೆರಡು ಗಂಟೆ ಮೀರಬಾರದು ಅಂತ ಬಹಳಷ್ಟು ಕಪ್ಪುಗಳ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ. ಹರಿವು ಜಾಸ್ತಿ ಇರುವ ಎರಡನೇ ದಿನ ನನಗೆ ಅಷ್ಟು ಹೊತ್ತು ತಡೆಯುವುದಿಲ್ಲ. ಇನ್ನೊಂದು ಉಪಕಾರವೂ ಆಯಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಕಪ್ಪಿನ ಒಳಗೆ ಅಳತೆಯ ಗೆರೆಗಳಿವೆ. ಪ್ಯಾಡಿನಲ್ಲಿ ಎಲ್ಲವೂ ಹೊಳೆಯ ಹಾಗೆ ಕಾಣುತ್ತದೆ, ಕಪ್ಪಿನಲ್ಲಿ ಮಿಲಿಲೀಟರ್ ಕಾಣುತ್ತದೆ. ಸಾಮಾನ್ಯವಾಗಿ ಒಂದು ಸಲದ ಮುಟ್ಟಿನಲ್ಲಿ ಒಟ್ಟು ಹೋಗುವುದು 30-40 ಮಿಲಿಲೀಟರ್, ಅಂದರೆ ನಮ್ಮ ಖಾನಾವಳಿಯ ಅರ್ಧ ಲೋಟ ಚಹಾಕ್ಕಿಂತ ಕಡಿಮೆ. 80 ದಾಟಿದರೆ ಜಾಸ್ತಿ ಅಂತ ಲೆಕ್ಕ. ನಾನು ಮೂರು ತಿಂಗಳು ಡೈರಿಯಲ್ಲಿ ಬರೆದಿಟ್ಟೆ. ಪ್ರತಿ ತಿಂಗಳೂ ನೂರು ದಾಟುತ್ತಿತ್ತು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಇದೆಲ್ಲ ವಯಸ್ಸು ಅಂದುಕೊಂಡಿದ್ದೆ. ಡಾಕ್ಟರ ಮುಂದೆ "ತುಂಬಾ ಹೋಗುತ್ತೆ ಮೇಡಂ" ಅನ್ನುವ ಬದಲು ಡೈರಿ ಇಟ್ಟೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6. ಕಬ್ಬಿಣದ ಮಾತ್ರೆ ಶುರುವಾಯಿತು, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲೊಂದು ಸಣ್ಣ ಗಡ್ಡೆ ಸಿಕ್ಕಿತು. ಅದು ಬೇರೆ ಕತೆ.

ಇನ್ನು ನೋಡಿಕೊಳ್ಳುವ ವಿಷಯ. ದಾವಣಗೆರೆಯಲ್ಲಿ ಇದನ್ನು ನೀರಿನಿಂದಲೇ ಶುರು ಮಾಡಬೇಕು. ನಮ್ಮ ಬಡಾವಣೆಗೆ ನಲ್ಲಿ ನೀರು ಬಂದ ದಿನ ಪುಣ್ಯ, ಉಳಿದ ದಿನ ಬೋರ್ ನೀರೇ ಗತಿ. ಬೋರ್ ನೀರು ಗಡಸು. ಬಕೆಟ್ಟಿಗೆ, ಗೀಸರಿಗೆ ಹಿಡಿಯುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಕಪ್ಪಿಗೂ ಹಿಡಿಯಿತು. ಮೊದಲು ಬೂಸ್ಟು ಬಂತು ಅಂತ ಹೆದರಿದೆ. ಉಗುರಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರಿತು. ಅವತ್ತಿಂದ ಕುದಿಸಲು ಶುದ್ಧ ನೀರಿನ ಘಟಕದ ನೀರೇ. ಐದು ರೂಪಾಯಿ ಕಾಯಿನ್ ಹಾಕಿ ತರುವ ಇಪ್ಪತ್ತು ಲೀಟರ್ ಕ್ಯಾನಿನಿಂದ ಒಂದು ಚೊಂಬು ಕದಿಯುತ್ತೇನೆ. ಅತ್ತೆಗೆ ಗೊತ್ತು, ಈಗ ಸುಮ್ನಿರುತ್ತಾರೆ.

ಕೈಯನ್ನು ಮೊದಲು ಸೋಪಿನಿಂದ ತೊಳೆಯಬೇಕು, ಕಪ್ಪಿಗಿಂತ ಕೈಯೇ ಜಾಸ್ತಿ ಕೊಳೆ. ಉಗುರು ಕತ್ತರಿಸಿರಬೇಕು. ನಾನು ಮೆಹಂದಿ, ನೇಲ್ ಪಾಲಿಶ್ ಬಿಟ್ಟವಳಲ್ಲ, ಉದ್ದ ಉಗುರು ಮಾತ್ರ ಬಿಟ್ಟೆ. ಕಪ್ಪನ್ನು ಮೊದಲು ತಣ್ಣೀರಲ್ಲಿ ತೊಳೆಯಬೇಕು. ಬಿಸಿನೀರು ನೇರ ಹಾಕಿದರೆ ರಕ್ತದ ಕಲೆ ಕೂತುಬಿಡುತ್ತೆ, ಇದನ್ನು ಬಟ್ಟೆ ಒಗೆದ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ವಾಸನೆ ಇಲ್ಲದ ಮೆದು ಸೋಪು ಸಾಕು. ಡೆಟಾಲು, ಬ್ಲೀಚಿಂಗ್ ಪೌಡರು ಬೇಡವೇ ಬೇಡ. ಅಂಚಿನ ಕೆಳಗೆ ಸೂಜಿ ಮೊನೆಯಷ್ಟು ಸಣ್ಣ ತೂತುಗಳಿರುತ್ತವೆ. ಹಿಡಿತ ಬಿಡಿಸಲು ಅವೇ ಬೇಕು. ಅವು ಕಟ್ಟಿಕೊಂಡರೆ ಕಪ್ಪಿನಲ್ಲಿ ನೀರು ತುಂಬಿ, ಬಾಯಿಗೆ ಅಂಗೈ ಮುಚ್ಚಿ ಹಿಸುಕಿದರೆ ನೀರು ಚಿಮ್ಮಿ ತೂತು ಬಿಡಿಸಿಕೊಳ್ಳುತ್ತೆ. ಮುಟ್ಟು ಮುಗಿದ ಮೇಲೆ ಐದು ನಿಮಿಷ ಕುದಿತ. ಪಾತ್ರೆ ತಳಕ್ಕೆ ತಾಗದ ಹಾಗೆ ಜಾಲರಿ ಸವಟಿನಲ್ಲಿ ಇಟ್ಟು ಮುಳುಗಿಸುತ್ತೇನೆ, ಪಕ್ಕದಲ್ಲೇ ನಿಲ್ಲುತ್ತೇನೆ, ಪೇಪರ್ ತಿದ್ದುವುದಿಲ್ಲ. ಆಮೇಲೆ ಟೆರೇಸಿನಲ್ಲಿ, ತುಳಸಿ ಕುಂಡದ ಪಕ್ಕ, ಬಿಸಿಲಲ್ಲಿ ಒಂದು ಗಂಟೆ. ಹಳದಿ ಕಲೆ ಬಿದ್ದಿದ್ದರೂ ಬಿಸಿಲಿಗೆ ತೆಳುವಾಗುತ್ತೆ. ಡಬ್ಬಿಯಲ್ಲಿ ಮುಚ್ಚಿಡುವುದಿಲ್ಲ, ಗಾಳಿ ಆಡುವ ಬಟ್ಟೆ ಚೀಲದಲ್ಲೇ ಇಡುವುದು. ಅಂಟಂಟಾದರೆ, ಬಿರುಕು ಬಿಟ್ಟರೆ ಎಸೆದು ಹೊಸದು. ನಮ್ಮಜ್ಜಿಯ ಬಟ್ಟೆಗೂ ಬೇಕಾಗಿದ್ದಿದ್ದು ಇಷ್ಟೇ ಅಲ್ವಾ, ಕುದಿಯುವ ನೀರು ಮತ್ತು ಬಿಸಿಲು?

ಇಷ್ಟೆಲ್ಲ ರೂಢಿಯಾದ ಮೇಲೆ ನನಗೆ ಪ್ರಚಾರದ ಹುಚ್ಚು ಹಿಡಿಯಿತು. ಹೊಸದಾಗಿ ಡಯಟ್ ಶುರು ಮಾಡಿದವರ ಹಾಗೆ ಸಿಕ್ಕಸಿಕ್ಕವರಿಗೆಲ್ಲ ಹೇಳತೊಡಗಿದೆ. ಸ್ಟಾಫ್ ರೂಮಿನಲ್ಲಿ ಮಂಡಕ್ಕಿ ತಿನ್ನುವಾಗಲೂ ಅದೇ ಮಾತು. ನಮ್ಮ ಗಣಿತದ ಮೇಡಂ ನನಗಿಂತ ಎಂಟು ವರ್ಷ ಚಿಕ್ಕವರು, ಇಬ್ಬರು ಮಕ್ಕಳು. ಅವರ ಹುಟ್ಟುಹಬ್ಬಕ್ಕೆ ಒಂದು ಕಪ್ ಕೊಟ್ಟೆ. ಮಡಚುವುದು, ಕುದಿಸುವುದು ಎಲ್ಲ ಹೇಳಿಕೊಟ್ಟೆ. ಒಂದನ್ನು ಕೇಳಲಿಲ್ಲ. ಜೊತೆಗೆ ಕೆಲಸ ಮಾಡುವವರನ್ನು "ನೀವು ಕಾಪರ್-ಟಿ ಹಾಕಿಸಿಕೊಂಡಿದ್ದೀರಾ" ಅಂತ ಹೇಗೆ ಕೇಳುವುದು ಅನ್ನುವ ಸಂಕೋಚ.

ಅವರು ಹಾಕಿಸಿಕೊಂಡಿದ್ದರು. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡಿಸಿಕೊಳ್ಳುವ ಸಾಧನ ಅದು. ಎರಡನೇ ತಿಂಗಳು ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತು ಅಂತ ಬುಡ ಹಿಸುಕದೆ ಕಡ್ಡಿ ಹಿಡಿದು ಎಳೆದಿದ್ದಾರೆ. ಅಂಟಿಕೊಂಡ ಕಪ್ಪಿನ ಎಳೆತಕ್ಕೋ, ಕಪ್ಪಿನ ಜೊತೆ ಕಾಪರ್-ಟಿಯ ದಾರವೂ ಕೈಗೆ ಸಿಕ್ಕಿದ್ದಕ್ಕೋ, ಕಾಪರ್-ಟಿ ಕೆಳಕ್ಕೆ ಸರಿದುಬಿಟ್ಟಿತು. ಹೊಟ್ಟೆನೋವು ತಡೆಯದೆ ಡಾಕ್ಟರ ಹತ್ತಿರ ಹೋದಾಗ ಅದನ್ನು ತೆಗೆದುಹಾಕಬೇಕಾಯಿತು. ಮೂರು ದಿನ ರಜೆ ಹಾಕಿ ಬಂದವರು ನನ್ನನ್ನು ನೋಡಿ, "ಬಿಡ್ರೀ ಮೇಡಂ, ನಿಮಗಾದ್ರೂ ಹೆಂಗ್ ಗೊತ್ತಿರುತ್ತೆ" ಅಂದರು.

ನನಗೆ ಗೊತ್ತಿತ್ತು. ಕಪ್ಪಿನ ಜೊತೆ ಬಂದ ಚೀಟಿಯಲ್ಲಿ ಬರೆದಿತ್ತು, ಕಾಪರ್-ಟಿ ಇದ್ದವರು ಮೊದಲು ವೈದ್ಯರನ್ನು ಕೇಳಿ ಅಂತ. ಓದಿದ್ದೆ. ನನಗೆ ಬೇಕಿಲ್ಲದ ಸಾಲು ಅಂತ ಮುಂದಕ್ಕೆ ಹೋಗಿದ್ದೆ. ಆಮೇಲೆ ಹುಡುಕಿ ಓದಿದೆ. 2019ರಲ್ಲಿ ಲ್ಯಾನ್ಸೆಟ್ ಬಳಗದ ಸಾರ್ವಜನಿಕ ಆರೋಗ್ಯದ ಪತ್ರಿಕೆಯಲ್ಲಿ ಕಪ್ಪಿನ ಬಗ್ಗೆ ಅಲ್ಲಿಯವರೆಗಿನ 43 ಅಧ್ಯಯನಗಳನ್ನು, ಸುಮಾರು 3,300 ಮಂದಿಯ ಅನುಭವವನ್ನು ಒಟ್ಟುಹಾಕಿ ನೋಡಿದ್ದಾರೆ. ಕಪ್ ಪ್ಯಾಡಿಗಿಂತ ಹೆಚ್ಚೇನೂ ಸೋರುವುದಿಲ್ಲ, ರೂಢಿಯಾದವರಲ್ಲಿ ಶೇಕಡಾ 70ರಷ್ಟು ಜನ ಮುಂದುವರಿಸಲು ಬಯಸಿದರು, ಕಲಿಯಲು ಕೆಲವು ತಿಂಗಳು ಬೇಕು ಅನ್ನುವುದೆಲ್ಲ ಅದರಲ್ಲಿದೆ. ಕಾಪರ್-ಟಿಯಂಥ ಸಾಧನ ಸರಿದುಹೋದ 13 ಪ್ರಕರಣಗಳೂ ಅದರಲ್ಲೇ ಇವೆ. ಟಾಕ್ಸಿಕ್ ಶಾಕ್ ಅನ್ನುವ ಸೋಂಕು ಐದು ಮಂದಿಗೆ ಬಂದದ್ದೂ ಇದೆ. ತೀರಾ ಅಪರೂಪ, ಆದರೆ ಕಪ್ ಹಾಕಿಕೊಂಡಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಮೈಮೇಲೆ ದದ್ದು ಕಂಡರೆ ಕೂಡಲೇ ತೆಗೆದು ಆಸ್ಪತ್ರೆಗೆ ಓಡಬೇಕು. ಹೆರಿಗೆಯಾದ ಹೊಸದರಲ್ಲಿ, ಗರ್ಭಕೋಶ ಜಾರಿದವರಿಗೆ ಕೂಡ ಡಾಕ್ಟರ ಮಾತು ಕೇಳದೆ ಬೇಡ. ಒಳ್ಳೆಯ ಸುದ್ದಿಯನ್ನೆಲ್ಲ ಬಾಯಿಪಾಠ ಹೇಳುತ್ತಿದ್ದವಳು ನಾನು, ಇವನ್ನು ಯಾರಿಗೂ ಹೇಳಿರಲಿಲ್ಲ.

ಅಷ್ಟಕ್ಕೂ ಬುದ್ಧಿ ಬರಲಿಲ್ಲ ಅನ್ನಿ. ಬೇಸಿಗೆ ರಜೆಗೆ ತವರಿಗೆ ಹೋದಾಗ ನನ್ನ ತಂಗಿಗೂ ಒಂದು ತೆಗೆದುಕೊಂಡು ಹೋದೆ. ಅವಳನ್ನು ಕೊಟ್ಟಿರುವುದು ಅದೇ ಸೀಮೆಯ ಇನ್ನೊಂದು ಹಳ್ಳಿಗೆ. ಶೇಂಗಾ ಹೊಲ, ಎರಡು ಎಮ್ಮೆ. ಶೌಚಾಲಯ ಮನೆಯಿಂದ ಇಪ್ಪತ್ತು ಮಾರು ಆಚೆ. ನೀರು ಮಿನಿ ಟ್ಯಾಂಕಿನಿಂದ ಹೊತ್ತು ತರಬೇಕು. ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಚೆನ್ನಾಗೈತೆ ಕಣಕ್ಕ. ಇದನ್ನ ತೊಳಿಯಾಕೆ ಒಂದು ಕೊಡ ಜಾಸ್ತಿ ಹೊರ್ಲಾ?"

"ದಿನಕ್ಕೆ ಎರಡೇ ಸಲ ಕಣೇ. ಬಟ್ಟೆ ಒಗಿಯೋಕಿಂತ ಕಡಿಮೆ ನೀರು."

"ಸರಿ. ಎಲ್ಲಿ ಕುದುಸ್ಲಿ?"

ನಾನು ಒಲೆ ಕಡೆ ನೋಡಿದೆ. ಒಲೆ ಮುಂದೆ ಅವಳ ಅತ್ತೆ ಮುದ್ದೆ ತಿರುವುತ್ತಾ ಕೂತಿದ್ದರು. ಅವಳು ನಕ್ಕಳು. ಕಪ್ಪನ್ನು ಚೀಲಕ್ಕೆ ಹಾಕಿ ನನ್ನ ಬ್ಯಾಗಿಗೇ ತುರುಕಿದಳು. ಅವಳು ಈಗ ಹತ್ತಿ ಬಟ್ಟೆಯನ್ನು ಅಂದವಾಗಿ ಹೊಲಿದುಕೊಂಡು ಬಳಸುತ್ತಾಳೆ. ಹೊಲದ ಬೇಲಿ ಮೇಲೆ ಹಾಡುಹಗಲೇ ಒಣಹಾಕುತ್ತಾಳೆ. ಅದು ಏನು ಬಟ್ಟೆ ಅಂತ ಇಡೀ ಊರಿಗೆ ಗೊತ್ತು. "ನೋಡೋರು ನೋಡ್ಕೊಳ್ಳಿ" ಅನ್ನುತ್ತಾಳೆ. ನಾನು ಎರಡು ವರ್ಷ ಒಂದು ಬಟ್ಟಲನ್ನು ಮನೆ ಖಾಲಿಯಾದಾಗ ಕದ್ದು ಕುದಿಸಿದವಳು. ನಮ್ಮಿಬ್ಬರಲ್ಲಿ ಯಾರು ಮುಂದಿದ್ದಾರೆ ಅಂತ ನನಗೆ ಹೇಳಲಾಗುವುದಿಲ್ಲ.

ಶಾಲೆಯ ಹುಡುಗಿಯರಿಗೆ ಸರ್ಕಾರದ ಶುಚಿ ಯೋಜನೆಯಲ್ಲಿ ಪ್ಯಾಡ್ ಬರುತ್ತದೆ, ಬಂದಾಗ. ಕೇರಳದ ಆಲಪ್ಪುಳದಲ್ಲಿ 2019ರಲ್ಲಿ ಒಂದೇ ಊರಿನಲ್ಲಿ 5,000 ಕಪ್ ಹಂಚಿದ್ದನ್ನು ಓದಿದಾಗ ನಮ್ಮಲ್ಲೂ ಆಗಬೇಕು ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ, ಆದರೆ ಅಷ್ಟು ಅವಸರವಿಲ್ಲ. ಹತ್ತನೇ ಕ್ಲಾಸಿನ ಹುಡುಗಿಯರಿಗೆ ವರ್ಷಕ್ಕೊಂದು ದಿನ ಗಂಡುಮಕ್ಕಳನ್ನು ಆಟಕ್ಕೆ ಕಳಿಸಿ ಬಟ್ಟೆ, ಪ್ಯಾಡು, ಕಪ್ಪು ಮೂರನ್ನೂ ಮೇಜಿನ ಮೇಲೆ ಇಟ್ಟು ತೋರಿಸುತ್ತೇನೆ. ಮುಟ್ಟಿ ನೋಡುತ್ತಾರೆ, ಕಿಸಿಕಿಸಿ ನಗುತ್ತಾರೆ. ಯಾರಾದರೊಬ್ಬಳು "ಮದುವೆಗೆ ಮುಂಚೆ ಇದನ್ನ ಹಾಕ್ಕೊಂಡ್ರೆ ಏನೋ ಹೋಗುತ್ತಂತಲ್ಲ ಮಿಸ್" ಅಂತ ಕೇಳೇ ಕೇಳುತ್ತಾಳೆ. ಆ ಕನ್ಯಾಪೊರೆ ಹಿಗ್ಗುವ ಚರ್ಮ, ಸೈಕಲ್ ತುಳಿದರೂ ಹಿಗ್ಗಬಹುದು, ಅದನ್ನು ನೋಡಿ ಯಾರೂ ಯಾರ ಬಗ್ಗೆಯೂ ಏನೂ ಹೇಳಲಾಗದು ಅನ್ನುತ್ತೇನೆ. ಯಾವುದನ್ನು ಬಳಸಿ ಅಂತ ಹೇಳುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗಿ ಎಲ್ಲರೂ ಹೋದ ಮೇಲೆ ಹಿಂದೆ ಉಳಿದಳು. ಅವಳದು ಗೊಲ್ಲರ ಹಟ್ಟಿ. ತಿಂಗಳಿಗೆ ನಾಲ್ಕೈದು ದಿನ ಶಾಲೆಗೆ ಬರುವುದಿಲ್ಲ, ಯಾಕೆ ಅಂತ ನಾವು ಯಾರೂ ಕೇಳುವುದೂ ಇಲ್ಲ. ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಕೂರಿಸುವ ಪದ್ಧತಿ ನಮ್ಮ ಸೀಮೆಯ ಎಷ್ಟೋ ಹಟ್ಟಿಗಳಲ್ಲಿ ಕಡಿಮೆಯಾಗಿದೆ, ಕೆಲವು ಕಡೆ ಇನ್ನೂ ಉಳಿದಿದೆ. ಜನ ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುವ 2017ರ ಕಾಯ್ದೆಯ ಪ್ರಕಾರ ಹಾಗೆ ಹೊರಗಿಡುವುದು ಅಪರಾಧ. ಕಾಯ್ದೆಯ ಮಾತು ನನ್ನ ಬಾಯಿ ತುದಿಗೆ ಬಂದಿತ್ತು. ಆ ಹುಡುಗಿ ಕಪ್ಪನ್ನು ಅಂಗೈ ಮೇಲೆ ಇಟ್ಟುಕೊಂಡು ಕೇಳಿದಳು, "ಹೊರಗೆ ಕುಂತಾಗ ಒಲೆ ಮುಟ್ಟಂಗಿಲ್ಲ ಮಿಸ್. ಇದಕ್ಕೆ ಬಿಸಿನೀರು ಯಾರು ಕಾಸಿ ಕೊಡ್ತಾರೆ?"

ನಾನು ಅವಳ ತಾಯಿಯನ್ನು ಕರೆಸಿ ಮಾತಾಡಿದೆ. ಅವಳು ಈಗ ಆ ದಿನಗಳಲ್ಲೂ ಶಾಲೆಗೆ ಬರುತ್ತಾಳೆ, ಸಂಜೆ ಎಲ್ಲಿ ಮಲಗುತ್ತಾಳೆ ಅಂತ ನಾನು ಕೇಳಿಲ್ಲ. ಶೌಚಾಲಯಕ್ಕೆ ಚಿಲಕ ನಾವು ಟೀಚರುಗಳೇ ದುಡ್ಡು ಹಾಕಿ ಹಾಕಿಸಿದೆವು. ನೂರಾ ಇಪ್ಪತ್ತು ರೂಪಾಯಿ. ಇಷ್ಟು ವರ್ಷ ಅದಕ್ಕೆ ಅರ್ಜಿ ಬರೆಯುತ್ತಾ ಕೂತಿದ್ದೆವಲ್ಲ ಅಂತ ಈಗ ನಾಚಿಕೆಯಾಗುತ್ತದೆ.

ಅಂದಹಾಗೆ, ಆ ಸುಟ್ಟ ಪಾತ್ರೆಯ ಕತೆ ಅರ್ಧಕ್ಕೆ ಬಿಟ್ಟೆ. ಅತ್ತೆ ಆವತ್ತು ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಹೋಗಲಿಲ್ಲ. ಹಿತ್ತಲಿನ ಗಿಡಕ್ಕೆ ನೀರು ಹಾಕಲು ಇಟ್ಟರು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಸಂಜೆ ನಾನು ಬಸ್ಸಿಳಿದು ಮನೆಗೆ ಬಂದರೆ ಸೀರೆ ಬದಲಾಯಿಸಿ ರೆಡಿಯಾಗಿ ಕೂತಿದ್ದರು. "ಮಂಡಿಪೇಟೆಗೆ ಹೋಗ್ಬರೋಣ ನಡಿ" ಅಂದರು.

ಅವರು ನಲವತ್ತು ವರ್ಷದಿಂದ ಹೋಗುವ ಪಾತ್ರೆ ಅಂಗಡಿ. ಒಂದು ಲೀಟರಿನ, ದಪ್ಪ ತಳದ, ಹಿಡಿ ಇರುವ ಪಾತ್ರೆಗಳನ್ನು ಒಂದೊಂದಾಗಿ ಬೆರಳಲ್ಲಿ ಬಡಿದು ನೋಡಿದರು. ಒಂದನ್ನು ಆರಿಸಿ ಮುಚ್ಚಳ ಕೂಡಿಸಿ ನೋಡಿದರು. ನನಗೆ ಒಂದು ಮಾತು ಕೇಳಲಿಲ್ಲ. ಎಂದಿನಂತೆ ಚೌಕಾಸಿ ಮಾಡಿ ನಲವತ್ತು ರೂಪಾಯಿ ಇಳಿಸಿದರು. ಹುಡುಗ ಹೆಸರು ಕೊರೆಯುವ ಮಿಷನ್ನಿನ ವೈರು ಸಿಕ್ಕಿಸಿ, ಪಾತ್ರೆ ತಲೆಕೆಳಗೆ ಮಾಡಿ ಕೂತ.

"ಏನ್ ಹೆಸರು ಹಾಕ್ಲಿ ಅಮ್ಮ?"

ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಮಾವನವರ ಹೆಸರೇ ಇರುವುದು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಪಾತ್ರೆ ನೋಡಿದರು.

"ಹೆಸರು ಬ್ಯಾಡಪ್ಪ," ಅಂದರು. "ಬೆರಕೆ ಆಗ್ಬಾರ್ದು ಅಷ್ಟೇ. ಒಂದು ಚುಕ್ಕಿ ಹಾಕು."

ಹುಡುಗ ಚುಕ್ಕಿ ಹಾಕಿದ. ಅತ್ತೆ ಕನ್ನಡಕ ಏರಿಸಿ ಬೆರಳಿಂದ ಸವರಿ ನೋಡಿದರು.

"ಕಾಣಲ್ಲ. ಇನ್ನೂ ಸ್ವಲ್ಪ ದೊಡ್ಡದು ಮಾಡು."